ವಾಕ್ಯಪಾಲನೆಯೂ ‘ಕೇಳು’ ಧಾತುವೂ
(ಚುಂಚನಕಟ್ಟೆಯ ಸೀಮೆಯ ಮೂರು ಐತಿಹ್ಯಗಳೊಡನೆ ಕ್ರೈಸ್ತ ವಿಧೇಯತೆಯ ವಿಚಾರ)

ದೇವರ ವಾಕ್ಯವನ್ನು ನಂಬತಕ್ಕದ್ದು, ನಂಬಿದ ಮೇಲೆ ಎದುರಾಡದೆ ಅದರಂತೆ ನಡೆಯತಕ್ಕದ್ದು ಎಂಬುದು ಕ್ರೈಸ್ತರ ನಿತ್ಯಜೀವನದಲ್ಲಿ ಮೊದಲನೆಯ ಧರ್ಮವೆಂದು ಆ ಮತದ ಗ್ರಂಥಗಳು ಮತ್ತೆ ಮತ್ತೆ ಸಾರುತ್ತವೆ. ಈ ಉಪದೇಶವನ್ನು ಕನ್ನಡದಲ್ಲಿ ಓದುವವನಿಗೆ ಒಂದು ಶಂಕೆ ಹುಟ್ಟುವುದು ಸಹಜ. ಎದುರಾಡದಿರುವುದೆಂದರೆ ಪ್ರಶ್ನೆಯನ್ನೇ ಮಾಡದಿರುವುದೆ? ಬುದ್ಧಿಯನ್ನು ಬದಿಗಿಟ್ಟು ತಲೆಬಾಗುವುದೇ ವಿಧೇಯತೆಯಾದರೆ, ಶ್ರವಣಕ್ಕೆ ಬೆನ್ನಲ್ಲೇ ಮನನವನ್ನು ವಿಧಿಸಿದ ಈ ದೇಶದ ಶಾಸ್ತ್ರಸಂಪ್ರದಾಯಕ್ಕೂ ಆ ಮತದ ಉಪದೇಶಕ್ಕೂ ನಡುವೆ ದಾಟಲಾಗದ ಕಂದರವಿದೆಯೆಂದೇ ಹೇಳಬೇಕಾಗುತ್ತದೆ. ಹಾಗೆ ನಿರ್ಣಯಿಸುವುದಕ್ಕೆ ಮುಂಚೆ ‘ನಂಬಿಕೆ’, ‘ವಿಧೇಯತೆ’, ‘ಕೇಳುವುದು’ ಎಂಬ ಶಬ್ದಗಳನ್ನು ಸ್ವಲ್ಪ ಒರೆಗೆ ಹಚ್ಚಿ ನೋಡುವುದು ಯುಕ್ತವಾಗಿದೆ. ಈ ವಿಚಾರಕ್ಕೆ ಮೈಸೂರು ಜಿಲ್ಲೆಯಲ್ಲಿ ಚುಂಚನಕಟ್ಟೆಯ ಸುತ್ತಣ ಸೀಮೆ, ಎಂದರೆ ಹಿಂದೆ ಎಡತೊರೆಯೆಂದು ಪ್ರಸಿದ್ಧವಾಗಿದ್ದು ಅನಂತರ ಕೃಷ್ಣರಾಜನಗರವೆಂದು ಹೆಸರಾದ ಊರಿನ ಪ್ರಾಂತ, ವಿಶೇಷವಾಗಿ ಒದಗಿಬರುತ್ತದೆ. ಹಿರಿಯರ ಅಥವಾ ದೇವರ ಮಾತನ್ನು ಪಾಲಿಸಿದವರ ಮೂರು ಐತಿಹ್ಯಗಳು ಅಲ್ಲಿ ನೆರೆಹೊರೆಯಲ್ಲಿ ಉಳಿದುಬಂದಿವೆ. ಅವುಗಳಲ್ಲಿ ಒಂದು ರಾಮಾಯಣಕ್ಕೆ ಸೇರಿದ್ದು, ಒಂದು ಶ್ರೀವೈಷ್ಣವರದು, ಇನ್ನೊಂದು ಕ್ರೈಸ್ತರದು.

ಚುಂಚನಕಟ್ಟೆಯು ಕಾವೇರಿಯು ಬಂಡೆಗಳ ನಡುವೆ ಧುಮುಕುವ ಸ್ಥಳ. ಚುಂಚ, ಚುಂಚಿ ಎಂಬ ಕಾಡಿನ ದಂಪತಿಗಳು ಅಲ್ಲಿ ವಾಸಿಸುತ್ತಿದ್ದರೆಂದೂ ಅವರಿಂದಲೇ ಊರಿಗೆ ಈ ಹೆಸರು ಬಂದಿತೆಂದೂ ಜನರು ಹೇಳುತ್ತಾರೆ. ವನವಾಸದ ಕಾಲದಲ್ಲಿ ಸೀತಾದೇವಿಯ ಸ್ನಾನಕ್ಕೆ ನೀರು ಬೇಕಾಗಲು, ಅಣ್ಣನ ಅಪ್ಪಣೆಯಂತೆ ಲಕ್ಷ್ಮಣನು ಬಾಣವನ್ನು ಹೂಡಿ ಬಂಡೆಯನ್ನು ಸೀಳಿದನೆಂದೂ, ಆದುದರಿಂದಲೇ ಜಲಪಾತಕ್ಕೆ ಧನುಷ್ಕೋಟಿಯೆಂಬ ಹೆಸರಾಯಿತೆಂದೂ ಸ್ಥಳಪುರಾಣವುಂಟು. ದಡದ ಮೇಲಣ ಕೋದಂಡರಾಮನ ಗುಡಿಯಲ್ಲಿ ಸೀತೆಯು ರಾಮನ ಬಲಗಡೆಯಲ್ಲಿ ನಿಂತಿರುವುದು ಶಿಲ್ಪರೂಢಿಗೆ ವ್ಯತಿರಿಕ್ತವಾದ ಸಂಗತಿಯಾಗಿ ಎಲ್ಲರ ಗಮನವನ್ನೂ ಸೆಳೆಯುತ್ತದೆ. ಹೊರಗೆ ಭೋರ್ಗರೆಯುವ ಹೊಳೆಯ ಸದ್ದು ಗರ್ಭಗೃಹದೊಳಗೆ ಕೇಳಿಸುವುದಿಲ್ಲವೆಂಬ ಮಾತೂ ಅಲ್ಲಿ ಪ್ರಸಿದ್ಧವಾಗಿದೆ. ನದಿಯೂ ಅಲ್ಲಿ ಸ್ವಾಮಿಯ ಮಾತಿಗೆ ಕಟ್ಟುಬಿದ್ದು ಸುಮ್ಮನಾಗುತ್ತದೆಂದು ಭಾವುಕರು ಭಾವಿಸಿದರೆ ಆಶ್ಚರ್ಯವಿಲ್ಲ.

ರಾಮಕಥೆಯೇ ಪಿತೃವಾಕ್ಯಪರಿಪಾಲನದ ಕಥೆಯೆಂಬುದು ಸರ್ವವಿದಿತ. ಆದರೆ ಆ ಪರಿಪಾಲನವು ಮೂಕವಾದುದಲ್ಲ ಎಂಬುದನ್ನು ವಾಲ್ಮೀಕಿಯ ಅಯೋಧ್ಯಾಕಾಂಡವನ್ನು ಓದಿದವರು ಬಲ್ಲರು. ಕಾಡಿಗೆ ಹೊರಡುವ ಸಂದರ್ಭದಲ್ಲಿ ಕೌಸಲ್ಯೆಯು ವಾದಿಸುತ್ತಾಳೆ. ಲಕ್ಷ್ಮಣನಂತೂ ವಿಧಿಯೆಂಬುದು ದುರ್ಬಲರ ಆಸರೆಯೆಂದು ಕೆರಳಿ ನುಡಿಯುತ್ತಾನೆ. ರಾಮನು ಅವರ ಬಾಯನ್ನು ಮುಚ್ಚಿಸುವುದಿಲ್ಲ. ಕಂಡುಮುನಿ, ಸಗರಪುತ್ರರು, ಜಾಮದಗ್ನ್ಯ ಇವರ ನಿದರ್ಶನಗಳನ್ನು ಕೊಟ್ಟು ಉತ್ತರ ಹೇಳುತ್ತಾನೆ. ಮುಂದೆ ಜಾಬಾಲಿಯು ಬಂದು ಪ್ರತ್ಯಕ್ಷವಾದವನ್ನು ಹೂಡಿದಾಗಲೂ ಆ ವಾದವನ್ನು ಕೇಳಿದ ಮೇಲೆಯೇ ನಿರಾಕರಿಸುತ್ತಾನೆ. ಅಯೋಧ್ಯೆಯಲ್ಲಿ ಅಷ್ಟು ಉಗ್ರವಾಗಿ ವಾದಿಸಿದ ಲಕ್ಷ್ಮಣನೇ ಪಂಚವಟಿಯಲ್ಲಿ ಪರ್ಣಶಾಲೆಗೆ ಸ್ಥಳವನ್ನು ಆರಿಸುವಾಗ, ತಾನು ಪರಾಧೀನನೆಂದೂ ಅಣ್ಣನು ಸ್ಥಳವನ್ನು ತೋರಿಸಿ ಆಜ್ಞಾಪಿಸಬೇಕೆಂದೂ ಬೇಡುತ್ತಾನೆ. ವಾದಿಸಿದವನೇ ಕಡೆಗೆ ಅತ್ಯಂತ ವಿಧೇಯನಾದುದು ವಾಲ್ಮೀಕಿಯ ಕಾವ್ಯದಲ್ಲಿ ಆಕಸ್ಮಿಕವೆಂದು ತೋರುವುದಿಲ್ಲ. ಕಾಳಿದಾಸನ ರಘುವಂಶದ ಹದಿನಾಲ್ಕನೆಯ ಸರ್ಗದಲ್ಲಿ ಪರಿಸ್ಥಿತಿ ಬೇರೆ. ಸೀತಾಪರಿತ್ಯಾಗದ ಆಜ್ಞೆಯನ್ನು ಲಕ್ಷ್ಮಣನು ಪರಶುರಾಮನ ಮಾತೃವಧೆಯನ್ನು ನೆನೆದು, ಹಿರಿಯರ ಆಜ್ಞೆಯು ವಿಚಾರಾತೀತವೆಂದು ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಅವನು ಕೇಳದೆ ಬಿಟ್ಟ ಪ್ರಶ್ನೆಯನ್ನು ಕವಿಯು ಸೀತೆಯ ಬಾಯಲ್ಲಿ ಇಟ್ಟಿದ್ದಾನೆ. ಇದು ಕುಲಕ್ಕೂ ಶಾಸ್ತ್ರಜ್ಞಾನಕ್ಕೂ ತಕ್ಕುದೇ ಎಂದು ಅವಳು ರಾಜನಿಗೆ ಹೇಳಿಕಳುಹಿಸುವ ಮಾತನ್ನು ಓದಿದ ಮೇಲೆ, ವಿಚಾರವಿಲ್ಲದ ವಾಕ್ಯಪಾಲನೆಯನ್ನು ಕಾಳಿದಾಸನು ನಿರ್ಬಾಧವಾಗಿ ಒಪ್ಪಿದನೆಂದು ಯಾರೂ ಹೇಳಲಾರರು.

ಎರಡನೆಯ ಐತಿಹ್ಯವು ಸಾಲಿಗ್ರಾಮದ್ದು. ಶ್ರೀರಾಮಾನುಜಾಚಾರ್ಯರು ಕರ್ಣಾಟಕಕ್ಕೆ ಬಂದಾಗ ಮಿರ್ಲೆ ಸಾಲಿಗ್ರಾಮಗಳ ಕಡೆಯಲ್ಲಿ ನಿಂತಿದ್ದರೆಂದು ಗುರುಪರಂಪರೆಯ ಕಥೆಗಳು ಹೇಳುತ್ತವೆ. ಅಲ್ಲಿ ಅವರಿಗೆ ದೊರೆತ ಶಿಷ್ಯನೇ ವಡುಗನಂಬಿ, ಸಂಸ್ಕೃತದಲ್ಲಿ ಆಂಧ್ರಪೂರ್ಣ. (ಇಲ್ಲಿಯ ‘ನಂಬಿ’ಯು ಶ್ರೇಷ್ಠನೆಂಬರ್ಥದ ತಮಿಳಿನ ಗೌರವಪದ, ಕನ್ನಡದ ‘ನಂಬು’ ಧಾತುವಿನ ರೂಪವೆಂದು ಭ್ರಮಿಸಬಾರದು. ಆದರೂ ಆ ಹೆಸರು ಅವನಿಗೆ ಒಪ್ಪಿತೆಂದು ಹೇಳಿದರೆ ವೈಯಾಕರಣರು ಕ್ಷಮಿಸಬಹುದು.) ಗುರುವಿನ ಹೊರತು ಬೇರೆ ದೈವವನ್ನರಿಯದ ಶಿಷ್ಯನೆಂದು ಆಂಧ್ರಪೂರ್ಣನ ಖ್ಯಾತಿ. ಒಮ್ಮೆ ಶ್ರೀರಂಗದಲ್ಲಿ ಅವನು ಆಚಾರ್ಯರಿಗಾಗಿ ಹಾಲನ್ನು ಕಾಯಿಸುತ್ತಿದ್ದಾಗ ಉತ್ಸವಮೂರ್ತಿಯು ಬೀದಿಗೆ ಬಂದಿತಂತೆ. ಬಂದು ಸೇವಿಸೆಂದು ಆಚಾರ್ಯರು ಕರೆಯಲು, ನಿಮ್ಮ ದೇವರನ್ನು ನೋಡಲು ಬಂದರೆ ನನ್ನ ದೇವರ ಹಾಲು ಉಕ್ಕಿಹೋಗುವುದೆಂಬ ಅರ್ಥದ ಉತ್ತರವನ್ನು ಕೊಟ್ಟು ಅವನು ಒಲೆಯ ಬಳಿಯಲ್ಲೇ ಕುಳಿತನೆಂದು ಪ್ರತೀತಿ. ಈ ಕಥೆಯನ್ನು ವಿಧೇಯತೆಯ ಪರಮನಿದರ್ಶನವಾಗಿ ಹೇಳುವ ವಾಡಿಕೆಯುಂಟು. ನಿಧಾನಿಸಿ ನೋಡಿದರೆ ಇಲ್ಲೊಂದು ಸ್ವಾರಸ್ಯವಿದೆ: ಬಾ ಎಂದು ಗುರು ಹೇಳಿದರೂ ಶಿಷ್ಯನು ಹೋಗಲಿಲ್ಲ, ಮರುಮಾತಾಡಿದನು. ಶಬ್ದಶಃ ಮಾತನ್ನು ಮೀರಿದವನೇ ಮಾತು ಕೇಳುವವರ ಪಂಕ್ತಿಯಲ್ಲಿ ಮೊದಲನೆಯವನೆನಿಸಿಕೊಂಡನು.

ಮೂರನೆಯ ಐತಿಹ್ಯವು ಪ್ರಕೃತಕ್ಕೆ ಮುಖ್ಯವಾದುದು. ಅದೇ ಕೃಷ್ಣರಾಜನಗರದ ಸೀಮೆಗೆ ಸೇರಿದ ದೋರನಹಳ್ಳಿಯಲ್ಲಿ ಸಂತ ಅಂತೋಣಿಯವರ ಪುಣ್ಯಕ್ಷೇತ್ರವಿದೆ; 2019ರಲ್ಲಿ ಅದಕ್ಕೆ ರೋಮಿನ ಪೋಪರಿಂದ ಬಸಿಲಿಕವೆಂಬ ಗೌರವಪದವಿಯೂ ದೊರೆಯಿತು. ಹಿಂದೆ ಒಬ್ಬ ರೈತನು ಹೊಲವನ್ನು ಉಳುತ್ತಿರಲು ನೇಗಿಲಿಗೆ ಒಂದು ವಿಗ್ರಹವು ಸಿಕ್ಕಿತಂತೆ. ಅದು ಯಾರದೆಂಬುದನ್ನರಿಯದೆ ಬೊಂಬೆಯೆಂದು ಬಗೆದು ಮಕ್ಕಳ ಆಟಕ್ಕೆ ಬಿಟ್ಟನು. ರಾತ್ರಿ ಕನಸಿನಲ್ಲಿ ಸಂನ್ಯಾಸಿಯ ವೇಷದ ಒಬ್ಬ ಪುರುಷನು ಕಾಣಿಸಿಕೊಂಡು, ತನ್ನನ್ನು ಅಸಡ್ಡೆ ಮಾಡಬಾರದೆಂದೂ ತನಗೊಂದು ಗುಡಿಯನ್ನು ಕಟ್ಟಬೇಕೆಂದೂ ಹೇಳಿದನು. ರೈತನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಮನೆಯಲ್ಲಿ ಕಷ್ಟನಷ್ಟಗಳು ತೋರಿದುವು. ಕಡೆಗೆ ಕನಸಿನ ಮಾತು ನೆನಪಿಗೆ ಬಂದು ಗುಡಿಯನ್ನು ಕಟ್ಟಿಸಿದನು, ಕಷ್ಟವು ತೊಲಗಿತು. ಊರವರು ಆ ಮೂರ್ತಿಯನ್ನು ಸಂನ್ಯಾಸಿಯೆಂದೇ ಪೂಜಿಸುತ್ತಿದ್ದರೆಂದೂ, ಅದು ಪಾದುವದ ಅಂತೋಣಿಯ ವಿಗ್ರಹವೆಂಬುದು ಆಮೇಲೆ ಕ್ರೈಸ್ತರ ಕಣ್ಣಿಗೆ ಬಿದ್ದು ಗೊತ್ತಾಯಿತೆಂದೂ ಹೇಳುತ್ತಾರೆ. ಬಾಯಿಂದ ಬಾಯಿಗೆ ಬಂದ ಕಥೆಯಾದುದರಿಂದ ವಿವರಗಳಲ್ಲಿ ಸಣ್ಣಪುಟ್ಟ ಭೇದಗಳಿವೆ, ತಿರುಳು ಒಂದೇ. 17ನೆಯ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಮೊದಲಾದವರು ಈ ರಾಜ್ಯದಲ್ಲಿ ಮತಪ್ರಚಾರ ಮಾಡಿದ್ದರೆಂಬುದನ್ನು ನೆನೆದರೆ, ಹೊಲದ ಮಣ್ಣಿನಲ್ಲಿ ಅಂಥ ವಿಗ್ರಹವು ಹುದುಗಿದ್ದುದು ಅಸಂಭವವೇನೂ ಅಲ್ಲ.

ಈ ಮೂರನೆಯ ಕಥೆಯಲ್ಲಿ ನಾಯಕನು ಮೊದಲು ಮಾತು ಕೇಳಲಿಲ್ಲ, ಆಮೇಲೆ ಕೇಳಿದನು. ಹೀಗೆಂದು ಕನ್ನಡದಲ್ಲಿ ಹೇಳುವಾಗಲೇ ವಿಚಾರದ ಕೇಂದ್ರವು ಎದುರಿಗೆ ಬಂದು ನಿಲ್ಲುತ್ತದೆ. ಕನಸಿನ ಪುರುಷನ ಮಾತು ಅವನ ಕಿವಿಗೆ ಬಿದ್ದಿತ್ತಷ್ಟೆ. ಕಿವಿಗೆ ಬಿದ್ದರೂ ‘ಮಾತು ಕೇಳಲಿಲ್ಲ’ ಎನ್ನುವುದು ಕನ್ನಡದ ಜಾಯಮಾನ.

ಇನ್ನು ಶಬ್ದಗಳ ವಿಚಾರ. ನಂಬಿಕೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಕನ್ನಡ ಕ್ರೈಸ್ತರಲ್ಲಿ ಪ್ರಾಟೆಸ್ಟಂಟ್ ಪಂಗಡದವರು ಬಹುಮಟ್ಟಿಗೆ ‘ನಂಬಿಕೆ’ಯೆಂಬ ದೇಶ್ಯಪದವನ್ನೂ, ಕಥೋಲಿಕರು ‘ವಿಶ್ವಾಸ’ವೆಂಬ ಸಂಸ್ಕೃತಪದವನ್ನೂ ಬಳಸುತ್ತಾರೆ. ವಿಶ್ವಾಸವೆಂಬುದು ಶ್ವಸ್ ಧಾತುವಿನಿಂದ ಬಂದುದು. ನೆಮ್ಮದಿಯಾಗಿ ಉಸಿರಾಡುವ ಸ್ಥಿತಿಯೇ ವಿಶ್ವಾಸ. ವೈದಿಕರ ‘ಶ್ರದ್ಧೆ’ಯೂ ಲತೀನಿನ ‘ಕ್ರೇದೋ’ ಎಂಬ ಕ್ರಿಯಾಪದವೂ ಒಂದೇ ಮೂಲದಿಂದ ಕವಲೊಡೆದವೆಂದು ಭಾಷಾಶಾಸ್ತ್ರಜ್ಞರು ನಿರ್ಧರಿಸಿದ್ದಾರೆ. ಕ್ರೈಸ್ತರು ಪೂಜೆಯಲ್ಲಿ ಹೇಳುವ ವಿಶ್ವಾಸಪ್ರಮಾಣವು ಲತೀನಿನಲ್ಲಿ ಈ ಪದದಿಂದಲೇ ಮೊದಲಾಗುತ್ತದೆ.

‘ವಿಧೇಯ’ ಶಬ್ದದ ಕಥೆ ಇಷ್ಟು ಸರಳವಲ್ಲ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರು ಪ್ರಾರಂಭಿಸಿ 1831ರ ವೇಳೆಗೆ ಮುಗಿಸಿದ ಕನ್ನಡ ಬೈಬಲನ್ನೂ, ಅದನ್ನು ತಿದ್ದಿದ ಬಾಸೆಲ್ ಮಿಷನ್ನಿನ ಮೊಗ್ಲಿಂಗ್, ವೈಗಲ್ ಮೊದಲಾದವರ ಶ್ರಮವನ್ನೂ ಹಿಂಬಾಲಿಸಿ ಬಂದ ಕ್ರೈಸ್ತ ಕನ್ನಡದಲ್ಲಿ ‘ವಿಧೇಯ’ನು ಪಾರಿಭಾಷಿಕನಾಗಿ ನೆಲೆಸಿದ್ದಾನೆ. ವಿ ಪೂರ್ವಕವಾದ ಧಾ ಧಾತುವಿನಿಂದ ಸಿದ್ಧವಾದ ಈ ಪದಕ್ಕೆ ‘ವಿಧಿಸಲ್ಪಡತಕ್ಕದ್ದು’ ಎಂಬುದು ಮೊದಲನೆಯ ಅರ್ಥ. ಉದ್ದೇಶ್ಯವಿಧೇಯಭಾವವು ವಾಕ್ಯಾರ್ಥಕ್ಕೆ ಪ್ರಾಣವೆಂಬುದನ್ನೂ, ವಿಧೇಯಾಂಶಕ್ಕೆ ಪ್ರಾಧಾನ್ಯವು ತಪ್ಪಿದರೆ ಮಮ್ಮಟನು ಅದನ್ನು ದೋಷವೆಂದು ಎಣಿಸಿರುವುದನ್ನೂ ಅಧ್ಯಾಪಕರಿಗೆ ಜ್ಞಾಪಿಸಬೇಕಾದುದಿಲ್ಲ. ಒಬ್ಬ ಮನುಷ್ಯನು ವಿಧೇಯನಾದನೆಂದರೆ ಹೇಳಿದವನ ಮಾತು ಅವನಲ್ಲಿ ಪೂರ್ಣವಾಯಿತೆಂದು ಅಭಿಪ್ರಾಯವನ್ನು ಬೆಳೆಸಬಹುದು. ಆದರೆ ಕಾಲಕ್ರಮದಲ್ಲಿ ಅರ್ಜಿಗಳ ಅಡಿಯಲ್ಲಿ ‘ಇಂತು ತಮ್ಮ ವಿಧೇಯ’ನೆಂದು ಬರೆದು ಬರೆದು ಈ ಪದವು ಸವೆದುಹೋಗಿದೆ. ಅಧಿಕಾರಿಯ ಮುಂದೆ ಕೈಕಟ್ಟಿ ನಿಂತವನ ಚಿತ್ರವನ್ನಲ್ಲದೆ ಬೇರೊಂದನ್ನು ಅದು ಈಗ ತರಲಾರದು.

ಅಮರಸಿಂಹನು ಇದೇ ವಿಧೇಯ ಶಬ್ದಕ್ಕೆ ‘ಆಶ್ರವ’ವೆಂಬುದನ್ನು ಪರ್ಯಾಯವಾಗಿ ಕೊಟ್ಟಿದ್ದಾನೆ. ಆಶ್ರವನೆಂದರೆ ಕಿವಿಗೊಡುವವನು, ಶ್ರು ಧಾತು. ಅದೇ ಧಾತುವಿನ ಇಚ್ಛಾರ್ಥಕರೂಪವು ‘ಶುಶ್ರೂಷೆ’. ಕೇಳಬೇಕೆಂಬ ಬಯಕೆಯೆಂದು ಮೂಲಾರ್ಥ. ಗುರುವಿನ ಮಾತನ್ನು ಕೇಳಬಯಸಿದವನು ಗುರುವಿನ ಸೇವೆಯನ್ನು ಮಾಡಿದುದರಿಂದ ಸೇವೆಗೇ ಆ ಹೆಸರಾಗಿ, ಕಡೆಗೆ ರೋಗಿಯ ಉಪಚಾರಕ್ಕೂ ಅದೇ ಹೆಸರು ನಿಂತಿತು. ಸಂಸ್ಕೃತದಲ್ಲಿ ಹೀಗೆ ಅಡಗಿರುವ ಸಂಬಂಧವು ಕ್ರೈಸ್ತರ ಮೂಲಭಾಷೆಗಳಲ್ಲಿ ಹೊರಮೈಯಲ್ಲೇ ಇದೆ. ಹೀಬ್ರೂ ಭಾಷೆಯ ‘ಶಾಮ’ ಎಂಬ ಕ್ರಿಯಾಪದಕ್ಕೆ ಕೇಳುವುದು, ಮಾತಿನಂತೆ ನಡೆಯುವುದು ಎಂಬ ಎರಡು ಅರ್ಥಗಳೂ ಉಂಟು. ಯೆಹೂದ್ಯರು ನಿತ್ಯವೂ ಹೇಳುವ ಶ್ರದ್ಧಾವಚನವು ಈ ಕ್ರಿಯೆಯ ವಿಧ್ಯರ್ಥರೂಪದಿಂದಲೇ ಮೊದಲಾಗುತ್ತದೆ. ಗ್ರೀಕಿನಲ್ಲಿ ವಿಧೇಯತೆಗೆ ‘ಹುಪಕೊಯೆ’. ಅದು ಕೇಳುವುದೆಂಬರ್ಥದ ‘ಅಕೂಓ’ ಧಾತುವಿಗೆ ‘ಕೆಳಗೆ’ ಎಂಬರ್ಥದ ಉಪಸರ್ಗವು ಸೇರಿ ಆದುದು. ಲತೀನಿನ ‘ಒಬೆದೀರೆ’ಯೊಳಗೂ ಕೇಳುವುದೆಂಬರ್ಥದ ‘ಅವುದೀರೆ’ ಅಡಗಿದೆ. ಬಾಸೆಲ್ ಮಿಷನ್ನಿನ ಪಾದ್ರಿಗಳ ತಾಯ್ನುಡಿಯಾದ ಜರ್ಮನಿನಲ್ಲಿಯೂ ವಿಧೇಯತೆಯ ಪದವು ‘ಹ್ಯೋರೆನ್’, ಎಂದರೆ ಕೇಳು, ಎಂಬುದರಿಂದಲೇ ಹುಟ್ಟಿದೆ.

ಇಷ್ಟು ಭಾಷೆಗಳು ಒಂದೇ ದಾರಿಯನ್ನು ಹಿಡಿದಿರುವಾಗ ಕನ್ನಡವು ಹಿಂದುಳಿದಿಲ್ಲ. ಮಾತು ಕೇಳುವ ಮಗ, ಮಾತು ಕೇಳದ ಸೊಸೆ ಎಂಬುವು ಹಳ್ಳಿಯ ಹೆಂಗಸೂ ಆಡುವ ಮಾತುಗಳು. ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಸುಮಾರಿಗೆ ಸೇರುವ ದನಗಳ ಜಾತ್ರೆಯಲ್ಲಿ ಎತ್ತಿನ ಹಲ್ಲನ್ನು ಎಣಿಸಿದ ರೈತನು ಅದು ಮಾತು ಕೇಳುತ್ತದೆಯೇ ಎಂದು ವಿಚಾರಿಸಿದರೆ, ಎತ್ತಿನ ಕಿವುಡನ್ನು ಕುರಿತು ವಿಚಾರಿಸಿದನೆಂದು ಯಾರೂ ತಿಳಿಯರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿಯೂ ‘ಕೇಳು’ ಧಾತುವಿಗೆ ಆಲಿಸು, ಮಾತಿನಂತೆ ನಡೆ ಎಂಬರ್ಥಗಳಿವೆ. ಹೀಬ್ರೂವಿನ ‘ಶಾಮ’ಕ್ಕೆ ಇಷ್ಟು ಹತ್ತಿರದ ಪದವು ಮನೆಯಲ್ಲಿಯೇ ಇರುವಾಗ ಅನುವಾದಕರು ‘ವಿಧೇಯ’ನನ್ನು ಬರಮಾಡಿಕೊಂಡುದು ಒಂದು ನಷ್ಟವೆಂದೇ ಹೇಳಬೇಕು. ಯಜ್ಞಕ್ಕಿಂತ ಮಾತು ಕೇಳುವುದು ಮೇಲೆಂದು ಸಮುವೇಲನು ಸೌಲರಾಜನಿಗೆ ನುಡಿದ ಪ್ರಸಿದ್ಧ ವಾಕ್ಯದ ಮೂಲದಲ್ಲಿರುವುದು ಈ ಕೇಳುವಿಕೆಯೇ. ಅನುವಾದಕರ ಪಕ್ಷದಲ್ಲಿ ಹೇಳತಕ್ಕ ಮಾತೂ ಒಂದುಂಟು: ಯಾಕೋಬನ ಪತ್ರಿಕೆಯಲ್ಲಿ ವಾಕ್ಯವನ್ನು ಕೇಳುವವರು ಮಾತ್ರವೇ ಆಗಿರದೆ ನಡೆಸುವವರೂ ಆಗಬೇಕೆಂಬ ಬೋಧೆಯಿದೆ. ಕೇಳುವುದಕ್ಕೆ ನಡೆಸುವುದೆಂಬ ಅರ್ಥವೂ ಇರುವ ಭಾಷೆಯಲ್ಲಿ ಆ ವಾಕ್ಯವು ತೊಡಕಾಗುತ್ತದೆ. ಆದರೆ ಆ ತೊಡಕು ಹೀಬ್ರೂವಿಗೂ ಇದ್ದದ್ದೇ.

ಕನ್ನಡದ ‘ಕೇಳು’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದಕ್ಕೆ ಪ್ರಶ್ನಿಸು, ಬೇಡು ಎಂಬ ಅರ್ಥಗಳೂ ಉಂಟು. ತಮಿಳಿನ ‘ಕೇಳ್’, ತುಳುವಿನ ‘ಕೇಣ್’ ಇವುಗಳಿಗೂ ಹೀಗೆಯೇ ಎರಡು ಮುಖಗಳಿವೆ. ನೆರೆಯ ತೆಲುಗಿನಲ್ಲಿ ಆಲಿಸುವುದಕ್ಕೆ ‘ವಿನು’, ಪ್ರಶ್ನಿಸುವುದಕ್ಕೆ ‘ಅಡುಗು’ ಎಂದು ಕೆಲಸವು ಹಂಚಿಹೋಗಿದೆ. ಗ್ರೀಕು, ಲತೀನುಗಳಲ್ಲಿಯೂ ಕೇಳಿಸಿಕೊಳ್ಳುವ ಧಾತುವೇ ಬೇರೆ, ಪ್ರಶ್ನಿಸುವ ಧಾತುವೇ ಬೇರೆ. ಕನ್ನಡದಲ್ಲಿಯಾದರೋ ಆಲಿಸುವವನೂ, ಮಾತಿನಂತೆ ನಡೆಯುವವನೂ, ಪ್ರಶ್ನೆ ಮಾಡುವವನೂ ‘ಕೇಳುವವನೇ’. ಪ್ರಶ್ನೆಗೆ ವಿರುದ್ಧವಾದುದು ಈ ಭಾಷೆಯಲ್ಲಿ ವಿಧೇಯತೆಯಲ್ಲ, ಉದಾಸೀನ. ವಿಧೇಯತೆಗೆ ವಿರುದ್ಧವಾದುದು ಪ್ರಶ್ನೆಯಲ್ಲ, ‘ಎದುರಾಡುವುದು’. ಕೇಳುವವನು ಉತ್ತರಕ್ಕಾಗಿ ಕಿವಿಯನ್ನು ತೆರೆದಿಟ್ಟಿರುತ್ತಾನೆ, ಎದುರಾಡುವವನು ಮುಚ್ಚಿಕೊಂಡಿರುತ್ತಾನೆ. ಕ್ರೈಸ್ತರ ಉಪದೇಶದಲ್ಲಿ ‘ವಾದವಿಲ್ಲದೆ’ ಎಂದಿರುವುದನ್ನು ‘ಎದುರಾಡದೆ’ ಎಂದು ಗ್ರಹಿಸಿದರೆ ಆರಂಭದಲ್ಲಿ ಹೇಳಿದ ಕಂದರವು ಬಹಳಮಟ್ಟಿಗೆ ಮುಚ್ಚಿಹೋಗುತ್ತದೆ.

ಇದು ಕೇವಲ ಶಬ್ದಚಮತ್ಕಾರವೆಂದು ಆಕ್ಷೇಪಿಸಬಹುದು. ಒಂದು ಭಾಷೆಯ ಧಾತ್ವರ್ಥದಿಂದ ಇನ್ನೊಂದು ಭಾಷೆಯ ಶಾಸ್ತ್ರವನ್ನು ನಿರ್ಣಯಿಸುವುದು ನ್ಯಾಯವಲ್ಲ. ಆದಕಾರಣ ಆ ಮತದ ಗ್ರಂಥದಲ್ಲಿಯೇ ಇದಕ್ಕೆ ಆಧಾರವುಂಟೇ ಎಂಬುದನ್ನು ಪರೀಕ್ಷಿಸಬೇಕು.

ಲೂಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಗಬ್ರಿಯೇಲ ದೂತನು ಇಬ್ಬರಿಗೆ ದೇವರ ವಾಕ್ಯವನ್ನು ತರುತ್ತಾನೆ. ಇಬ್ಬರೂ ಪ್ರಶ್ನಿಸುತ್ತಾರೆ. ವೃದ್ಧ ಯಾಜಕನಾದ ಜಕರೀಯನು, ಇದನ್ನು ಯಾವುದರಿಂದ ತಿಳಿಯಲಿ ಎನ್ನುತ್ತಾನೆ. ಅವನ ಬಾಯಿ ಕಟ್ಟಿಹೋಗುತ್ತದೆ. ಕನ್ಯೆಯಾದ ಮರಿಯಳು, ಇದು ಹೇಗೆ ಆದೀತು ಎನ್ನುತ್ತಾಳೆ; ಅವಳಿಗೆ ಸಮಾಧಾನವು ದೊರೆಯುತ್ತದೆ, ಅವಳು ತಾನು ದಾಸಿಯೆಂದು ಒಪ್ಪಿಸಿಕೊಳ್ಳುತ್ತಾಳೆ. ಈ ಭೇದವು ಮೀಮಾಂಸೆಯನ್ನು ಓದಿದವನಿಗೆ ಕೂಡಲೆ ಸ್ಫುರಿಸತಕ್ಕುದು. ವಿಧಿವಾಕ್ಯವನ್ನು ಕೇಳಿದಾಗ ಏನನ್ನು, ಯಾವುದರಿಂದ, ಹೇಗೆ ಎಂಬ ಮೂರು ಆಕಾಂಕ್ಷೆಗಳು ಹುಟ್ಟುತ್ತವೆಂದೂ, ಅವು ಮೂರೂ ಪೂರೈಸಿದ ಹೊರತು ವಿಧಿಯು ಪರಿಪೂರ್ಣವಾಗುವುದಿಲ್ಲವೆಂದೂ ಭಾಟ್ಟರು ನಿರೂಪಿಸುತ್ತಾರೆ. ‘ಹೇಗೆ’ ಎಂಬುದು ಕಥಂಭಾವಾಕಾಂಕ್ಷೆ. ಇತಿಕರ್ತವ್ಯತೆಯನ್ನು ಅದು ಬಯಸುತ್ತದೆ. ವಿಧಿಯನ್ನು ಅಂಗೀಕರಿಸಿದವನಲ್ಲಿ ಮಾತ್ರ ಅದು ಹುಟ್ಟಬಲ್ಲುದು. ಮರಿಯಳ ಪ್ರಶ್ನೆಯು ಈ ಜಾತಿಯದು. ಜಕರೀಯನದು ಇತಿಕರ್ತವ್ಯತೆಯ ಪ್ರಶ್ನೆಯಲ್ಲ, ಹೇಳಿದವನ ಪ್ರಾಮಾಣ್ಯವನ್ನೇ ಶಂಕಿಸುವ ಪ್ರಶ್ನೆ. ಈ ವಿಭಾಗವನ್ನು ಎಲ್ಲೆಡೆಯಲ್ಲಿಯೂ ಹಿಡಿದೆಳೆಯಲಾಗದೆಂಬುದನ್ನೂ ಹೇಳಿಬಿಡಬೇಕು: ಆದಿಕಾಂಡದಲ್ಲಿ ಅಬ್ರಹಾಮನು ಜಕರೀಯನಂತೆಯೇ, ಯಾವುದರಿಂದ ತಿಳಿಯಲಿ ಎಂದು ಕೇಳಿದರೂ ದಂಡನೆಗೆ ಗುರಿಯಾಗಲಿಲ್ಲ. ಸೊದೋಮಿನ ಊರಿಗಾಗಿ ಅವನು ದೇವರೊಡನೆ ಐವತ್ತರಿಂದ ಹತ್ತರವರೆಗೆ ಚೌಕಾಸಿ ಮಾಡಿದನು. ತನ್ನ ಮಗನನ್ನೇ ಬಲಿಕೊಡೆಂದಾಗಲೋ ಒಂದು ಮಾತನ್ನೂ ಆಡದೆ ಬೆಳಗ್ಗೆ ಎದ್ದು ಮೋರೀಯದ ಬೆಟ್ಟಕ್ಕೆ ಹೊರಟನು. ಪರರಿಗಾಗಿ ಅಷ್ಟು ಕೇಳಿದವನು ತನಗಾಗಿ ಏನನ್ನೂ ಕೇಳದೆ ಹೋದುದು ಆ ಗ್ರಂಥದ ಅತಿ ಕಠಿನವಾದ ಪ್ರಕರಣ; ಯೆಹೂದ್ಯ ಕ್ರೈಸ್ತ ವ್ಯಾಖ್ಯಾತೃಗಳು ಎರಡು ಸಾವಿರ ವರ್ಷಗಳಿಂದಲೂ ಅದರೊಡನೆ ಹೆಣಗುತ್ತಿದ್ದಾರೆ. ಅದನ್ನು ದಿನಬಳಕೆಯ ವಿಧೇಯತೆಗೆ ಮಾದರಿಯಾಗಿ ಸುಲಭವಾಗಿ ಎತ್ತಿ ಆಡುವ ಬೋಧಕರು ಮಾತೃವಧೆಯನ್ನು ನಿದರ್ಶನವಾಗಿ ಕೊಡುವ ಪೌರಾಣಿಕರಷ್ಟೇ ಅಜಾಗರೂಕರೆಂದು ಹೇಳಬೇಕಾಗುತ್ತದೆ.

ಬೆಸ್ತನಾದ ಸೀಮೋನನ ಪ್ರಸಂಗವು ಇದಕ್ಕಿಂತ ಮನೆಗೆ ಹತ್ತಿರವಾದುದು. ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಕ್ಕದೆ ದಡಕ್ಕೆ ಬಂದವನಿಗೆ ಮತ್ತೆ ಬಲೆಯನ್ನು ಹಾಕೆಂದು ಯೇಸು ಹೇಳುತ್ತಾನೆ. ಮೀನಿನ ವಿಷಯದಲ್ಲಿ ಬಡಗಿಯ ಮಗನಿಗಿಂತ ಸೀಮೋನನಿಗೆ ಹೆಚ್ಚು ತಿಳಿದಿತ್ತು. ಅವನು ತನ್ನ ಅನುಭವವನ್ನು ಮುಚ್ಚಿಡದೆ ಹೇಳಿದ ಮೇಲೆ, ಆದರೂ ನಿನ್ನ ಮಾತಿನ ಮೇಲೆ ಹಾಕುತ್ತೇನೆ ಎನ್ನುತ್ತಾನೆ. ಮತ್ತಾಯನ ಸುವಾರ್ತೆಯಲ್ಲಿ ಬರುವ ಇಬ್ಬರು ಮಕ್ಕಳ ಸಾಮ್ಯವಂತೂ ದೋರನಹಳ್ಳಿಯ ಕಥೆಗೆ ಬರೆದ ವ್ಯಾಖ್ಯಾನದಂತಿದೆ. ತೋಟಕ್ಕೆ ಹೋಗಿ ಕೆಲಸ ಮಾಡೆಂದು ತಂದೆ ಹೇಳಿದಾಗ ಒಬ್ಬನು ಹೋಗೆನೆಂದು ಹೇಳಿ ಆಮೇಲೆ ಮನಸ್ಸು ತಿರುಗಿ ಹೋದನು. ಇನ್ನೊಬ್ಬನು ಆಗಲಿ ಎಂದು ವಿನಯದಿಂದ ಹೇಳಿ ಹೋಗಲಿಲ್ಲ. ತಂದೆಯ ಚಿತ್ತವನ್ನು ನೆರವೇರಿಸಿದವನು ಮೊದಲನೆಯವನೆಂದು ಕೇಳಿದವರೇ ಒಪ್ಪುತ್ತಾರೆ. ವಿಗ್ರಹವನ್ನು ಆಟದ ಬೊಂಬೆ ಮಾಡಿ, ಕನಸನ್ನು ತಳ್ಳಿಹಾಕಿ, ಕಡೆಗೆ ಗುಡಿಯನ್ನು ಕಟ್ಟಿಸಿದ ರೈತನು ಆ ಮೊದಲನೆಯ ಮಗನ ತಮ್ಮನೇ ಸರಿ.

ಹಾಗಾದರೆ ಈ ನಂಬಿಕೆಯು ಯಾವುದನ್ನು ಅವಲಂಬಿಸಿದೆ? ಇಲ್ಲಿಯೂ ಎರಡು ಶಾಸ್ತ್ರಗಳ ಭೇದವು ಉಪಯೋಗಕ್ಕೆ ಬರುತ್ತದೆ. ಮೀಮಾಂಸಕರಿಗೆ ವೇದವಾಕ್ಯವು ಅಪೌರುಷೇಯ. ಹೇಳಿದವನೇ ಇಲ್ಲದ ಆಜ್ಞೆ. ಪ್ರಾಭಾಕರರ ಮತದಲ್ಲಿ ನಿಯೋಗವೆಂಬುದೇ ಪ್ರವರ್ತಕ. ವಿಧಿಸಿದೆಯೆಂಬ ಕಾರಣಕ್ಕಾಗಿಯೇ ಮಾಡತಕ್ಕದ್ದು. ನೈಯಾಯಿಕರಿಗಾದರೋ ಶಬ್ದವು ಪ್ರಮಾಣವಾಗುವುದು ಆಪ್ತನ ಉಪದೇಶವಾದುದರಿಂದ. ವೇದಕ್ಕೂ ಈಶ್ವರನೇ ಕರ್ತನು. ಕ್ರೈಸ್ತರ ವಾಕ್ಯನಿಷ್ಠೆಯನ್ನು ಹೊರಗಿನಿಂದ ನೋಡಿದವರು ಅದನ್ನು ಪ್ರಾಭಾಕರರದಕ್ಕೆ ಹೋಲಿಸಬಹುದು. ವಾಸ್ತವದಲ್ಲಿ ಅದು ನೈಯಾಯಿಕರದಕ್ಕೆ ಸಮೀಪವಾಗಿದೆ. ಅಲ್ಲಿ ವಾಕ್ಯವನ್ನು ನಂಬುವುದೆಂದರೆ ಆಡಿದವನನ್ನು ನಂಬುವುದು. ಆಡಿದವನು ತಂದೆಯೆಂದು ಒಪ್ಪಿದುದರಿಂದಲೇ ಅವನನ್ನು ಕೇಳುವುದಕ್ಕೂ ಅಲ್ಲಿ ಅವಕಾಶವಿದೆ. ಅಪೌರುಷೇಯವಾಕ್ಯವನ್ನು ಯಾರು ಪ್ರಶ್ನಿಸಿದರೆ ಉತ್ತರ ಕೊಡುವವರಾರು?

ಆದರೆ ಆಪ್ತನ ಹೆಸರಿನಲ್ಲಿ ಅನಾಪ್ತರೂ ಮಾತಾಡಬಲ್ಲರು. ಕನಸಿನಲ್ಲಿ ಕೇಳಿದ್ದೆಲ್ಲವೂ ದೇವರ ಮಾತಾಗದು. ಸ್ವಪ್ನಜ್ಞಾನವು ಎಚ್ಚರದಲ್ಲಿ ಬಾಧಿತವಾಗುವುದೆಂದು ಈ ದೇಶದ ತಾರ್ಕಿಕರೂ, ಆತ್ಮಗಳನ್ನೆಲ್ಲ ನಂಬದೆ ಪರೀಕ್ಷಿಸಬೇಕೆಂದು ಯೋಹಾನನ ಮೊದಲನೆಯ ಪತ್ರಿಕೆಯೂ ಎಚ್ಚರಿಸುತ್ತವೆ. ಮನುವು ಹೇತುಶಾಸ್ತ್ರವನ್ನು ಹಿಡಿದು ಶ್ರುತಿಸ್ಮೃತಿಗಳನ್ನು ಹಳಿಯುವವನನ್ನು ಹೊರಗಿಡಬೇಕೆಂದು ಎರಡನೆಯ ಅಧ್ಯಾಯದಲ್ಲಿ ಹೇಳಿ, ಹನ್ನೆರಡನೆಯದರಲ್ಲಿ ವೇದಕ್ಕೆ ವಿರೋಧವಿಲ್ಲದ ತರ್ಕದಿಂದ ಅನುಸಂಧಾನ ಮಾಡುವವನೇ ಧರ್ಮವನ್ನು ಬಲ್ಲನೆಂದು ಹೇಳಿರುವುದೂ ಇದೇ ಎಚ್ಚರವೇ. ದಿನಬಳಕೆಯಲ್ಲಿ ಈ ಪರೀಕ್ಷೆಯು ಅಷ್ಟೇನೂ ಕಷ್ಟವಲ್ಲ. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ವಾಕ್ಯವನ್ನು ಕೇಳಿದ ರೈತನೊಬ್ಬನು, ನಾಲೆಯ ನೀರಿನ ಸರದಿ ಮುಗಿದ ಮೇಲೆ ತನ್ನ ಗದ್ದೆಯ ಮಡೆಯನ್ನು ಮುಚ್ಚುವುದೋ ಬೇಡವೋ ಎಂಬುದಕ್ಕೆ ಕನಸನ್ನು ಕಾಯಬೇಕಾಗಿಲ್ಲ. ಅಲ್ಲಿ ಅವನು ಹುಡುಕುವ ವಾದಗಳು, ಪೈರು ಒಣಗುತ್ತಿದೆ, ನೆರೆಯವನು ಹೋದ ವರ್ಷ ಹೀಗೆಯೇ ಮಾಡಿದನು ಎಂಬುವು, ಕೇಳುವುದಕ್ಕೆ ಸೇರಿದುವಲ್ಲ, ಎದುರಾಡುವುದಕ್ಕೆ ಸೇರಿದುವು. ವಾದವಿಲ್ಲದೆ ನಡೆಯ ಹೇಳುವ ಬೋಧಕರ ಮನಸ್ಸಿನಲ್ಲಿರುವುದು ಬಹುಶಃ ಇಂಥ ವಾದಗಳೇ.

ದೋರನಹಳ್ಳಿಯ ಸಂತನ ಚರಿತ್ರೆಯಲ್ಲಿಯೂ ಈ ವಿಷಯಕ್ಕೆ ಸಂಬಂಧಪಟ್ಟ ಪ್ರಸಂಗವೊಂದಿದೆ. ಅಂತೋಣಿಯು 1195ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿ, ಶಾಸ್ತ್ರಗಳನ್ನು ಚೆನ್ನಾಗಿ ಓದಿಕೊಂಡು, ಆಮೇಲೆ ಫ್ರಾನ್ಸಿಸನ ಭಿಕ್ಷುಸಂಘಕ್ಕೆ ಸೇರಿದನು. ತನ್ನ ಪಾಂಡಿತ್ಯವನ್ನು ಯಾರಿಗೂ ತಿಳಿಸದೆ ಇಟಲಿಯ ಒಂದು ಆಶ್ರಮದಲ್ಲಿ ಅಡುಗೆಮನೆಯ ಕೆಲಸಗಳನ್ನು ಮಾಡಿಕೊಂಡಿದ್ದನು. 1222ರಲ್ಲಿ ಫೋರ್ಲೀ ಎಂಬಲ್ಲಿ ಯಾಜಕದೀಕ್ಷೆಯ ಸಮಾರಂಭಕ್ಕೆ ಉಪನ್ಯಾಸ ಮಾಡಲು ಸಿದ್ಧರಾದವರಾರೂ ಇಲ್ಲದಿರಲು, ಬಾಯಿಗೆ ಬಂದುದನ್ನು ಹೇಳೆಂದು ಹಿರಿಯನು ಅವನಿಗೆ ಅಪ್ಪಣೆ ಮಾಡಿದನು. ತಾನು ಪಾತ್ರೆ ತೊಳೆಯಲು ತಕ್ಕವನೇ ಹೊರತು ಮಾತಾಡಲು ತಕ್ಕವನಲ್ಲವೆಂದು ಅವನು ಬೇಡಿಕೊಂಡನು. ಹಿರಿಯನು ಬಿಡಲಿಲ್ಲ, ಅವನು ಎದ್ದು ನಿಂತು ಮಾತಾಡಿದನು. ಅಂದಿನಿಂದ 1231ರ ಜೂನ್ 13ರಂದು ಪಾದುವದ ಬಳಿ ತೀರಿಕೊಳ್ಳುವವರೆಗೆ ಯೂರೋಪು ಅವನ ಮಾತನ್ನು ಕೇಳಿತು. ರಿಮಿನಿಯಲ್ಲಿ ಜನರು ಕಿವಿಗೊಡದಿರಲು ಮೀನುಗಳು ನೀರಿನಿಂದ ತಲೆಯೆತ್ತಿ ಕೇಳಿದುವೆಂದು ಕಥೆಯುಂಟು. 1263ರಲ್ಲಿ ಸಮಾಧಿಯನ್ನು ತೆರೆದಾಗ ನಾಲಗೆಯೊಂದು ಮಾತ್ರ ಕೆಡದೆ ಉಳಿದಿತ್ತೆಂದು ಹೇಳಿ, ಅದನ್ನು ಪಾದುವದಲ್ಲಿ ಈಗಲೂ ಕಾಪಾಡಿಕೊಂಡಿದ್ದಾರೆ.

ಅದೇ ಲೂಕನ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷದ ಯೇಸು ಯೆರೂಸಲೇಮಿನ ದೇವಾಲಯದಲ್ಲಿ ಪಂಡಿತರ ನಡುವೆ ಕುಳಿತು ಅವರ ಮಾತನ್ನು ಕೇಳುತ್ತಲೂ ಅವರನ್ನು ಪ್ರಶ್ನಿಸುತ್ತಲೂ ಇದ್ದನೆಂದು ಹೇಳಿದೆ. ಹುಡುಕಿಕೊಂಡು ಬಂದ ತಾಯಿ ಆಕ್ಷೇಪಿಸಿದಾಗ ಅವಳನ್ನೂ ಪ್ರಶ್ನಿಸಿದನು. ಬಳಿಕ ಅವರೊಡನೆ ನಜರೇತಿಗೆ ಹೋಗಿ ಅವರಿಗೆ ಅಧೀನನಾಗಿದ್ದನು. ಗ್ರೀಕು ಮೂಲವು ಇಲ್ಲಿ ಮೂರು ಬೇರೆ ಬೇರೆ ಕ್ರಿಯಾಪದಗಳನ್ನು ಬಳಸಬೇಕಾಗಿದೆ. ಪಂಡಿತರ ಮಾತನ್ನು ಕೇಳಿದನು, ಅವರನ್ನು ಕೇಳಿದನು, ತಂದೆತಾಯಿಗಳ ಮಾತು ಕೇಳಿದನು ಎಂದು ಕನ್ನಡದಲ್ಲಿ ಒಂದೇ ಧಾತುವಿನಿಂದ ಆ ಪ್ರಸಂಗವನ್ನೆಲ್ಲ ಹೇಳಿ ಮುಗಿಸಬಹುದು. ಯಾವ ಅನುವಾದಕನಾದರೂ ಹಾಗೆ ಮಾಡಿದ್ದರೆ ಪುನರುಕ್ತಿದೋಷವೆಂದು ಪಂಡಿತರು ಎಣಿಸುತ್ತಿದ್ದರೇನೋ.

ಜೂನ್ 13ರ ಹಬ್ಬಕ್ಕೆ ದೋರನಹಳ್ಳಿಯಲ್ಲಿ ನೆರೆಯುವವರಲ್ಲಿ ಕ್ರೈಸ್ತರಷ್ಟೇ ಅಲ್ಲದೆ ಇತರ ಮತದವರೂ ಇರುತ್ತಾರೆ. ಕಳೆದುಹೋದ ವಸ್ತುಗಳನ್ನು ದೊರಕಿಸಿಕೊಡುವನೆಂದು ಅಂತೋಣಿಯ ಖ್ಯಾತಿಯಾದುದರಿಂದ ಅವರು ಮೇಣದ ಬತ್ತಿಯನ್ನು ಹಚ್ಚಿ ಕೇಳುವುದು ಬಹುಮಟ್ಟಿಗೆ ವರಗಳನ್ನು. ಒಳಗೆ ಪೂಜೆಯ ಮಧ್ಯದಲ್ಲಿ ಗುರುವು ಸುವಾರ್ತೆಯನ್ನು ಓದುವಾಗ ಎಲ್ಲರೂ ಎದ್ದು ನಿಂತು ಕೇಳುತ್ತಾರೆ.